ದೇವೀರಮ್ಮನ ಕೈಗೆ ಬೀಗದ ಕೈ

ಮೂರ್ಛೆ ತಿಳಿದೆದ್ದ ದೇವೀರಮ್ಮ ಮೊದಲು ಮಾಡುತ್ತಿದ್ದ ಕೆಲಸ, ಜನ ಅವರ ಮುಷ್ಟಿಗೆ ತುರುಕಿದ್ದ ಬೀಗದ ಕೈಗಳನ್ನು ವಾರಸುದಾರರಿಗೆ ಹಿಂತಿರುಗಿಸುವುದು. ಕಬ್ಬಿಣ ಹಿಡಿಸಿದರೆ ಮೂರ್ಛೆ ಇಳಿಯುತ್ತದೆಂದು ಪಿರಿಯಾಪಟ್ಟಣದ ನಮ್ಮ ಬೀದಿಯವರೆಲ್ಲ ನಂಬಿದ್ದರು. ದೇವೀರಮ್ಮ ಬಿದ್ದರೆಂದರೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದವರು ನನ್ನ ಅತ್ತೆ, ಸೊಂಟದ ಬೀಗದ ಕೈ ಗೊಂಚಲು ಬಿಚ್ಚುತ್ತಲೇ.

"ಇದು ನಿಂದು ಕಣಮ್ಮಿ, ತುಕ್ಕಿಡ್ದದೆ, ವಸಿ ಎಣ್ಣೆ ಬುಡು" ಎಂದು ದೇವೀರಮ್ಮ ಹೇಳಿ, ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಪಕ್ಕದ ಮನೆಯ ಒಂಟಿ ಹೆಂಗಸು. ಹೊಸ ಸೊಸೆಯಾಗಿದ್ದ ನನಗೆ ಗಂಟಾಗದಂತೆ ಮುದ್ದೆ ತೊಳಸಲು ಕಲಿಸಿದ್ದು ಅವರೇ. ಅತ್ತೆಯದು ಗಂಟಾಗುತ್ತಿತ್ತು.

ಒಮ್ಮೆ ನಾನೂ ಅತ್ತೆಯೂ ಗಾಡಿ ಕಟ್ಟಿಸಿ ಅವರನ್ನು ಹುಣಸೂರಿನ ಡಾಕ್ಟರ ಬಳಿಗೆ ಕರೆದೊಯ್ದೆವು. "ಇದು ಯಾವಾಗಿನಿಂದ?" ಎಂದರು ಡಾಕ್ಟರು. ಅಷ್ಟು ವರ್ಷ ನಾವ್ಯಾರೂ ಅದನ್ನು ಕೇಳಿರಲಿಲ್ಲ.

"ಪಿಳೇಗು ಬಂದಾಗ್ಲಿಂದ ಬುದ್ಧಿ. ಊರೆಲ್ಲ ಗದ್ದೆಕಡೆ ಗುಡ್ಲಿಗೆ ಓಗಿತ್ತು. ಅವ್ವ ಊರೊಳ್ಗೆ ಮನೇಲೇ ಸತ್ಳು. ನಾಯಿ ನುಗ್ಗಬಾರ್ದು ಅಂತ ಅಪ್ಪ ಬೀಗ ಜಡ್ದು ಜನ ಕರೆಯಕ್ಕೋದ. ನಾನು ಒಳಗೇ ರಾಗಿ ವಾಡೆ ಇಂದೆ ನಿದ್ದೆ ಓಗಿದ್ದೆ, ಅವ್ನಿಗೆ ಗೊತ್ತಾಗ್ನಿಲ್ಲ. ಮಾರ್ನೆ ದಿನ ಬೀಗ ತೆಗೆಯೋ ಸದ್ದು ಕೇಳ್ತು. ಆಗ್ಲೇ ಮೊದ್ಲು ಬಿದ್ದಿದ್ದು."

"ಈಗ ಬಿದ್ದಾಗ ಏನು ಮಾಡುತ್ತಾರೆ?"

"ಬೀಗದ ಕೈ ಕೊಡ್ತಾರೆ. ಮುಟ್ಟಿದ್ರೆ ಆ ಮನೇನೇ ಗೆಪ್ತಿಗೆ ಬತ್ತದೆ. ಪಾಪ, ಓಡ್‌ಬಂದು ಕೊಡ್ತಾರೆ, ಬ್ಯಾಡ ಅನ್ನಕಾಯ್ತದಾ?"

ನನಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಕಾಯಿಲೆಯಲ್ಲಿ ಮೆದುಳಿನ ಪಾಲೆಷ್ಟು, ಆ ಭಯದ ಪಾಲೆಷ್ಟು ಎಂದು ತಮಗೂ ಗೊತ್ತಿಲ್ಲವೆಂದರು ಡಾಕ್ಟರು. ಗೊತ್ತಿಲ್ಲವೆಂದ ಮೊದಲ ವೈದ್ಯರು ಅವರೇ. ಔಷಧ ಕೊಟ್ಟು, ಬಿದ್ದಾಗ ಪಕ್ಕಕ್ಕೆ ಹೊರಳಿಸಿ ಹತ್ತಿರ ಕೂತಿರಿ, ಒಬ್ಬರನ್ನೇ ಬಿಡಬೇಡಿ ಎಂದರು.

ಮೂರ್ಛೆ ಕಡಿಮೆಯಾಯಿತು, ನಿಲ್ಲಲಿಲ್ಲ. ಅತ್ತೆ ಮಾತ್ರ "ಡಾಕ್ಟ್ರಿಗೇನು ಗೊತ್ತು" ಎನ್ನುತ್ತಲೇ ಗೊಂಚಲನ್ನು ನಮ್ಮನೆಯ ಗೂಡಿನಲ್ಲಿಟ್ಟು ಓಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಜ್ವರ ಬಂದು ದೇವೀರಮ್ಮ ತೀರಿಕೊಂಡರು. ಸತ್ತ ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಮನೆಗೆ ಬೀಗ ಹಾಕಬೇಕೆಂದರು ಪುರೋಹಿತರು. ದೇವೀರಮ್ಮನ ತಮ್ಮನ ಮಗ ಬೀಗ ತಂದ. ಗಾಳಿ, ಗ್ರಹಗಳಿಗೆ ಬೀದಿಯಲ್ಲೇ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದ ನನ್ನ ಅತ್ತೆ ಹೋಗಿ ಆ ಮನೆಯ ಹೊಸ್ತಿಲ ಮೇಲೆ ಕೂತರು.

"ಅವ್ಳು ಒಳಗಿದ್ರೆ ಏನ್ಲಾ ಮಾಡೀಯೆ? ತಗಂಡೋಗು ನಿನ್ ಬೀಗವ."

ಮೂರು ತಿಂಗಳು ಅವರಿಗೆ ನಾನು ಅಲ್ಲಿಗೇ ಊಟ ಒಯ್ದೆ.