ತೊಡೆಗೆ ಸುತ್ತಿದ ಟೇಪು

ಬಲತೊಡೆಯ ಗಂಟಿನ ಬಗ್ಗೆ ನನಗೆ ಮೊದಲ ದಿನದಿಂದಲೂ ಹೇಸಿಗೆಯೇ. ಸಾರ್ಕೋಮಾ, ಮಾಂಸಖಂಡದೊಳಗಿನ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ಮೇಲಂತೂ ಸ್ನಾನ ಮಾಡುವಾಗ ಅದರ ಮೇಲೆ ನೀರು ಸುರಿದು ಮುಖ ತಿರುಗಿಸುತ್ತಿದ್ದೆ, ಕೈ ಹಚ್ಚುತ್ತಿರಲಿಲ್ಲ. ಸಾಮಾನ್ಯ ತಲೆನೋವಿಗೂ ಉಯಿಲು ಬರೆಯುವ ಯೋಚನೆ ಮಾಡಿದವನು ನಾನು. ನಿಜವಾದ ಕಾಯಿಲೆ ಬಂದಾಗ ಮಾತ್ರ ನಾಲ್ಕು ತಿಂಗಳು ಸ್ಕೂಟರ್ ಸೀಟಿನ ಮೇಲೆ ತಪ್ಪು ಹೊರಿಸಿ ಕೂತಿದ್ದೆ.

ಮೊದಲು ಐದು ವಾರ ರೇಡಿಯೇಷನ್, ಆಮೇಲೆ ಆಪರೇಷನ್. ಗಂಟು ಚಿಕಿತ್ಸೆಗೆ ಬಗ್ಗಿದರೆ ಅದನ್ನಷ್ಟೇ ತೆಗೆಯುತ್ತಾರೆ. ಬೆಳೆದು ರಕ್ತನಾಳಕ್ಕೆ ಸುತ್ತಿಕೊಂಡರೆ ಕಾಲೇ ಹೋಗಬಹುದು. ಜೀವದ ಪ್ರಶ್ನೆ ಅದರಾಚೆ.

ಪುಣೆ ಹತ್ತಿರದ ಚಿಂಚವಾಡದ ನಮ್ಮ ಮನೆಯಲ್ಲಿ ಹೆಂಡತಿ ಬ್ಲೌಸ್ ಹೊಲಿಯುತ್ತಾಳೆ. ದಿನಾ ಬೆಳಿಗ್ಗೆ ಅವಳ ಟೇಪಿನಲ್ಲಿ ತೊಡೆ ಅಳೆಸಿಕೊಳ್ಳುವ ಚಟ ನನಗೆ ಹತ್ತಿತು. ವಾರವಾರಕ್ಕೂ ಚೂರುಚೂರು ಇಳಿಯುತ್ತಿತ್ತು. ಚರ್ಮ ಮಾತ್ರ ಸುಟ್ಟ ಬದನೆಕಾಯಿಯಂತೆ ಸಿಪ್ಪೆ ಬಿಟ್ಟು ಜಿನುಗುತ್ತಿತ್ತು. ಮುಲಾಮಿಗೆ ಬೆವರು ಬೆರೆತ ಆ ವಾಸನೆಗೆ ನನಗೇ ಊಟ ಸೇರುತ್ತಿರಲಿಲ್ಲ.

ದೌಂಡದಿಂದ ನೋಡಲು ಬಂದ ಕಾಕಾನ ಮಗನಿಗೆ ಅಂಥ ಸಂಕೋಚವಿರಲಿಲ್ಲ. ಅವಲಕ್ಕಿಯ ಪ್ಲೇಟು ಹಿಡಿದುಕೊಂಡೇ, "ತಗೀಯೋ ಲುಂಗಿ, ನೋಡೂಣು," ಎಂದ. ನೋಡಿದ. "ಭಾಳ ಕೆಟ್ಟ ಆಗೇದ ಬಿಡು," ಎಂದು ಮತ್ತೆರಡು ಚಮಚ ತಿಂದ.

"ಇಂಚು ಇಳದದ ತಿಳೀತೇನು?" ಎಂದೆ, ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದವರ ಹಾಗೆ.

ಆಪರೇಷನ್ನಿಗೆ ಮುಂಚಿನ ಸ್ಕ್ಯಾನಿನಲ್ಲಿ ಗಂಟು ಮೊದಲಿಗಿಂತ ದೊಡ್ಡದಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ ಸೆರಗಿನ ತುದಿ ಹಿಂಡುತ್ತ ಕೂತಳು.

"ನಾನೇ ಟೇಪು ಬಿಗಿ ಹಿಡೀತಿದ್ದೆರಿ. ದಿನಾ ಚೂರು ಚೂರು."

ಅದು ಅವಳ ಕಸುಬಿನ ರೂಢಿ. ದಪ್ಪಗಾದ ಗಿರಾಕಿಗೆ ಬೇಜಾರಾಗದಿರಲೆಂದು ಬಾಯಲ್ಲಿ ಕಡಿಮೆ ಅಳತೆ ಹೇಳಿ, ಒಳಗೆ ಹೊಲಿಗೆಗೆ ಹೆಚ್ಚು ಬಟ್ಟೆ ಬಿಡುತ್ತಾಳೆ.

"ನಾ ಏನ್ ಬ್ಲೌಸ್ ಹೊಲಸಾಕ ಬಂದಾಕಿ ಏನು?" ಎಂದೆ.

"ಕಡಿಮಿ ಅಂದ ದಿನ ಎರಡು ರೊಟ್ಟಿ ತಿಂತಿದ್ರಿ. ಅದಕ್ಕ."

ನನಗೆ ಅವಳ ಮೇಲೂ ಹೇಸಿಗೆಯಾಯಿತು. ಆ ಎರಡು ರೊಟ್ಟಿ ತಿಂದ ನನ್ನ ಮೇಲೆ ಇನ್ನೂ ಹೆಚ್ಚು.

ಡಾಕ್ಟರು ಮರಾಠಿಯಲ್ಲಿ ಸಮಾಧಾನವಾಗಿ ವಿವರಿಸಿದರು. ರೇಡಿಯೇಷನ್ ಆದ ಮೇಲೆ ಒಳಗೆ ಸತ್ತ ಭಾಗ, ರಕ್ತ ಎಲ್ಲ ಸೇರಿ ಇಂಥ ಗಂಟು ಊದುವುದುಂಟು. ರಕ್ತನಾಳವಿನ್ನೂ ದೂರವಿದೆ. ಎಷ್ಟು ಸತ್ತಿದೆಯೆಂಬುದು ಕೊಯ್ದು ನೋಡಿದ ಮೇಲೇ ತಿಳಿಯುವುದು. ಟೇಪಿನಿಂದ ಅಲ್ಲ.

ಆಪರೇಷನ್ನಿನಲ್ಲಿ ಗಂಟಿನ ಜೊತೆ ಸುತ್ತಲಿನ ಮಾಂಸವೂ ಹೋಯಿತು, ಕಾಲು ಉಳಿಯಿತು. ಎರಡು ವಾರಕ್ಕೆ ರಿಪೋರ್ಟು ಬಂತು: ಗಂಟಿನ ಬಹುಪಾಲು ಸತ್ತಿತ್ತು, ಕೊಯ್ದು ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಡಾಕ್ಟರು ಕೈ ಕುಲುಕಿದರು. ಅಷ್ಟು ದಿನ ಹೆಣವೊಂದನ್ನು ತೊಡೆಯಲ್ಲಿಟ್ಟುಕೊಂಡು ಆಟೋದಲ್ಲಿ ಓಡಾಡಿದ್ದಕ್ಕೆ ಅಭಿನಂದನೆ!

"ಅಂದ್ರ ಇನ್ನ ಬದುಕತೀನಲ್ಲ?" ಎಂದು ಹರಕು ಮರಾಠಿಯಲ್ಲಿ ಕೇಳಿದೆ.

"ಒಳ್ಳೆಯ ಲಕ್ಷಣ," ಎಂದರು. "ಖಾತ್ರಿ ಅಲ್ಲ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು."

ಮೊದಲ ಸ್ಕ್ಯಾನಿಗೆ ಹೊರಡುವ ಹಿಂದಿನ ದಿನ ಪ್ಯಾಂಟಿನ ಬಲಗಾಲು ಜೋಲುತ್ತಿರುವುದು ಕಂಡಿತು. ಅದನ್ನು ಸಣ್ಣದು ಮಾಡಿ ಹೊಲಿಯಲು ಹೆಂಡತಿ ಟೇಪು ತಂದಳು.

"ಎಡಕ್ಕಿಂತ ಎರಡಿಂಚು ಸಣ್ಣದದ."

"ಬಿಗಿ ಹಿಡದಿಯೇನು?"

"ಬೆರಳ ಹಾಕಿ ನೋಡ್ರಿ."

ಟೇಪಿನಡಿ ಬೆರಳು ತೂರಿಸಿದೆ. ಉಬ್ಬುತಗ್ಗಾದ ಗಾಯದ ಗೆರೆ ತಾಗಿತು. ಅಷ್ಟು ದಿನಗಳಲ್ಲಿ ಆ ಜಾಗವನ್ನು ನಾನು ಮುಟ್ಟಿದ್ದು ಅದೇ ಮೊದಲು. ಹೇಸಿಗೆ ಹೋಗಿರಲಿಲ್ಲ, ಆದರೂ ಬೆರಳು ತೆಗೆಯಲಿಲ್ಲ. ಟೇಪು ಸಡಿಲವಾಗಿಯೇ ಇತ್ತು.

"ಒಳಗ ಬಟ್ಟಿ ಬಿಟ್ಟಿರತೀನಿ," ಎಂದಳು ಪ್ಯಾಂಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ. "ಕಾಲು ಮತ್ತ ತುಂಬಿಕೊಂಡ್ರ ಬಿಚ್ಚಿದ್ರಾತು."