ದೇವರ ಜಗಲಿಯ ಗುಳಿಗೆ

ನಲವತ್ತರ ದಶಕದ ಕೊನೆಯ ಮಳೆಗಾಲ. ಮುಂಬೈಯಲ್ಲಿ ಕಾಲು ಮುರಿದುಕೊಂಡಿದ್ದ ಅಕ್ಕ, ಮೂಳೆ ಕೂಡಿ ಪಟ್ಟಿ ಬಿಚ್ಚಿದ ಮೇಲೆ ಹಂಸಭಾವಿಯ ನಮ್ಮ ಮನೆಗೆ ಬಂದಿದ್ದಳು. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮುಂಬೈಯ ಡಾಕ್ಟರು ರಕ್ತ ತೆಳುವಾಗುವ ಹೊಸ ಗುಳಿಗೆ ಕೊಟ್ಟು, ಒಂದು ದಿನವೂ ತಪ್ಪಬಾರದು ಎಂದಿದ್ದರು. ತಪ್ಪದಿರಲೆಂದು ಅವ್ವ ಶೀಶೆಯನ್ನು ದೇವರ ಜಗಲಿಯ ಮೇಲೆ ವಿಭೂತಿಯ ಪಕ್ಕದಲ್ಲಿಟ್ಟಳು. ಲಿಂಗಪೂಜೆ ಮುಗಿದೊಡನೆ ಗುಳಿಗೆ, ಆಮೇಲೆ ರೊಟ್ಟಿ.

ಒಂದು ಬೆಳಿಗ್ಗೆ ಜೋರಾಗಿ ಕೆಮ್ಮಿದ ಅಕ್ಕ ಹೊಟ್ಟೆ ಹಿಡಿದು ಕುಸಿದಳು. ಹೊಕ್ಕಳ ಬಲಕ್ಕೆ, ಕೆಳಗೆ, ನಿಂಬೆಹಣ್ಣಿನಷ್ಟು ಗಂಟು.

"ಬಟ್ಟಿ ಸರದೈತಿ" ಎಂದಳು ಅವ್ವ. ಹೊಕ್ಕಳ ಬಡಿತ ಜಾಗ ಬಿಟ್ಟರೆ ಎಣ್ಣೆ ಹಚ್ಚಿ ತಿಕ್ಕಿ ಕೂಡಿಸುವುದು ನಮ್ಮ ಕಡೆಯ ರೂಢಿ. ಪಕ್ಕದ ಮನೆಯ ಅಜ್ಜಿ ಬಂದಳು. ಅವ್ವ ಅಕ್ಕನ ಕೈ ಹಿಡಿದಳು, ನಾನು ಕಾಲು; ಅಜ್ಜಿ ತಿಕ್ಕತೊಡಗಿದಳು.

ಅಕ್ಕ ಚೀರಿದಳು.

"ಸುಮ್ನಿರ, ಹಡೆಯಾಕತ್ತೀ ಏನು?" ಅಜ್ಜಿ ಗದರಿದಳು.

"ತಮ್ಮಾ, ಬಿಡೋ."

ನಾನು ಬಿಡಲಿಲ್ಲ. ಅಜ್ಜಿ ಕೈ ತೆಗೆದಾಗ ಗಂಟು ಎರಡು ಪಟ್ಟಾಗಿತ್ತು.

ಮಧ್ಯಾಹ್ನ ಹಿರೇಕೆರೂರಿನಿಂದ ಡಾಕ್ಟರು ಬಂದರು.

"ಔಷಧ ಏನರ ತಗೋತಾರೇನ್ರಿ?"

"ಏನೂ ಇಲ್ರಿ" ಎಂದಳು ಅವ್ವ. ಹುಬ್ಬಳ್ಳಿಯ ಪತ್ರಿಕೆಗೆ ತಾಲೂಕಿನ ಸುದ್ದಿ ಬರೆಯುತ್ತಿದ್ದ ನಾನೂ ತಲೆಯಾಡಿಸಿದೆ. ಸುಳ್ಳು ಹೇಳಬೇಕೆಂದಲ್ಲ, ಜಗಲಿಯ ಮೇಲಿನದು ಔಷಧವೆಂದು ನಮಗೆ ಹೊಳೆಯಲೇ ಇಲ್ಲ. ನೋವಿನಲ್ಲಿ ನರಳುತ್ತಿದ್ದ ಅಕ್ಕನ ಕಿವಿಗೆ ಪ್ರಶ್ನೆ ಬಿದ್ದಿರಲಿಲ್ಲ.

"ಕರುಳು ಸಿಕ್ಕೊಂಡಿದ್ರ ಕೊಯ್ಯಬೇಕಾಗ್ತದ" ಎಂದ ಡಾಕ್ಟರು, ಮಲಗಿದಲ್ಲೇ ಕೈ ಊರದೆ ತಲೆ ಎತ್ತಲು ಅಕ್ಕನಿಗೆ ಹೇಳಿದರು. ಹೊಟ್ಟೆ ಬಿಗಿದರೂ ಗಂಟು ಮರೆಯಾಗಲಿಲ್ಲ, ನೋವು ಹೆಚ್ಚಿತು. "ಇದು ಒಳಗಿಂದಲ್ಲ, ಒಳಗಿಂದಾಗಿದ್ರ ಹೊಟ್ಟಿ ಬಿಗಿದಾಗ ಮುಚ್ಚಿಹೋಗ್ತಿತ್ತು. ಹೊಟ್ಟಿ ಗ್ವಾಡಿಯೊಳಗ ರಕ್ತ ನಿಂತೈತಿ." ಅಷ್ಟರಲ್ಲಿ ಅವರ ಕಣ್ಣು ಅವಳ ಕಾಲಿನ ನೀಲಿ ಗುರುತುಗಳ ಮೇಲೆ ಬಿತ್ತು.

"ಇವು ಯಾರ ಬೆರಳು?"

"ನನ್ನವು."

"ಹಿಡಿದಷ್ಟಕ್ಕ ಹಿಂಗ ಆಗಂಗಿಲ್ಲ. ಅವ್ವಾರ, ಈಕಿಗೆ ಏನ ಕೊಡಾಕತ್ತೀರಿ?"

ಅಕ್ಕ ಜಗಲಿಯ ಕಡೆ ನೋಡಿದಳು.

"ಅದಾ? ಅದು ಪೂಜಿ ಆದಮ್ಯಾಲಿನ ಗುಳಿಗಿರಿ" ಎಂದಳು ಅವ್ವ.

ಡಾಕ್ಟರು ಶೀಶೆ ಓದಿ ಜೇಬಿಗೆ ಹಾಕಿಕೊಂಡರು. ಕೊಯ್ಯುವ ಮಾತು ಬಿಟ್ಟರು; ಗಂಟಿನ ಸುತ್ತ ಶಾಯಿಯಿಂದ ಗೆರೆ ಎಳೆದರು. "ಇದನ್ನ ದಾಟಿದ್ರ ನನ್ನ ಕರೀರಿ. ಯಾರೂ ತಿಕ್ಕಬ್ಯಾಡ್ರಿ."

"ಗುಳಿಗಿ ಬಿಟ್ರ ಕಾಲಿಂದು?" ಅಕ್ಕ ಕೇಳಿದಳು.

"ಮತ್ತ ಹೆಪ್ಪುಗಟ್ಟಬಹುದು. ತಗೊಂಡ್ರ ಹೊಟ್ಟ್ಯಾಗ ರಕ್ತ. ಇವತ್ತಿಗೆ ಹೊಟ್ಟಿ ಉಳಿಸೋಣ."

ಗಂಟು ಗೆರೆ ದಾಟಲಿಲ್ಲ. ಆದರೆ ಅಕ್ಕ ಅಲುಗುವಂತಿರಲಿಲ್ಲ. ಮತ್ತೆ ಹೆಪ್ಪುಗಟ್ಟಿ ಮೀನಖಂಡ ಬಾತಿದೆಯೇ ಎಂದು ದಿನವೂ ದಾರದಿಂದ ಅಳೆಯಬೇಕಿತ್ತು. ಮೊದಲ ದಿನ ದಾರ ಹಿಡಿದು ಬಗ್ಗಿದೆ. ಅವಳು ಕಾಲು ಹಿಂದೆಳೆದುಕೊಂಡಳು.

"ನೀ ಬ್ಯಾಡ. ಅವ್ವನ್ನ ಕರಿ."