ಒಣಗಲು ಬಿಡದ ಹಾಳೆಗಳು

ನನ್ನ ಸೊಸೆಗೆ ಏಳು ತಿಂಗಳು ತುಂಬಿದಾಗ ಒಂದು ದಿನ ಕಾಫಿ ಕುಡಿಯುತ್ತಾ, "ಅತ್ತೆ, ನಾಮಕರಣದ ಕಾರ್ಡ್ ನೀವೇ ಮಾಡ್ಕೊಡಿ. ಅಂಗಡೀದು ಬೇಡ," ಎಂದಳು. ನಮ್ಮಲ್ಲಿ ಮಗು ಕೈಗೆ ಬರುವ ಮೊದಲು ಒಂದು ಕುಲಾವಿಯನ್ನೂ ಕೊಳ್ಳುವುದಿಲ್ಲ. ಹಿಂದಿನ ವರ್ಷ ಅವಳಿಗೆ ಮೂರು ತಿಂಗಳಿಗೇ ಬಸಿರು ಇಳಿದುಹೋಗಿತ್ತು. ಆದರೆ ತಾಯಿಯಿಲ್ಲದ ಹುಡುಗಿ, ಬಾಣಂತನಕ್ಕೂ ನಮ್ಮನೆಯೇ ಗತಿ. ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎನ್ನಲು ಆಗಲಿಲ್ಲ.

ಕಾಗದ ಮಾಡುವುದನ್ನು ನಾನು ಕಲಿತದ್ದು ನಾಗಸಂದ್ರಕ್ಕೆ ಬಂದ ಮೇಲೆ, ದೇವಸ್ಥಾನದ ಹಿಂದಿನ ಹಾಲ್‌ನಲ್ಲಿ ನಡೆಯುತ್ತಿದ್ದ ಕ್ಲಾಸಿನಲ್ಲಿ. ಬರೆದು ಮುಗಿದ ನೋಟ್‌ಬುಕ್ಕುಗಳನ್ನು ಚೂರುಚೂರು ಹರಿದು ನೆನೆಹಾಕಿ, ಹಳೇ ಮಿಕ್ಸಿಯಲ್ಲಿ ರುಬ್ಬಿ, ಟಬ್ಬಿನ ನೀರಿಗೆ ಕಲಸಬೇಕು. ಅದರಲ್ಲಿ ಜರಡಿ ಮುಳುಗಿಸಿ ಎತ್ತಿದರೆ ಒಂದು ಹಾಳೆ. ಚೌಕದ ಜರಡಿಯನ್ನು ನಮ್ಮ ಯಜಮಾನರು ಪೀಣ್ಯದ ಲೇತ್ ಶಾಪಿನಲ್ಲಿದ್ದಾಗ ಮಾಡಿಕೊಟ್ಟಿದ್ದರು. ಯುಗಾದಿಗೆ, ಹುಟ್ಟುಹಬ್ಬಕ್ಕೆ ಅಂತ ಎಷ್ಟೋ ಮನೆಗಳಿಗೆ ಶುಭಾಶಯದ ಕಾರ್ಡು ಮಾಡಿಕೊಟ್ಟಿದ್ದೇನೆ.

ಹನ್ನೆರಡು ಹಾಳೆ ಎತ್ತಿ ಟೆರೇಸಿನಲ್ಲಿ ಹಳೇ ಸೀರೆಯ ಮೇಲೆ ಹರವಿದೆ. ಕೆಳಗಿಳಿದು ಬಂದರೆ ಸೊಸೆ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತಿದ್ದಳು. "ಅತ್ತೆ, ಬೆಳಗ್ಗೆಯಿಂದ ಮಗು ಅಲ್ಲಾಡೇ ಇಲ್ಲ."

ಆಟೋದಲ್ಲಿ ನಾನು ಪಂಚಾಕ್ಷರಿ ಬಿಟ್ಟು ಬೇರೇನೂ ಆಡಲಿಲ್ಲ. ನನಗೆ ಕಣ್ಣಮುಂದೆ ಆ ಹಾಳೆಗಳೇ. ನಾನೇ ಅವಸರಪಟ್ಟೆ, ಶಿವನಿಗಿಂತ ಮೊದಲು ನಾನೇ ಮಗುವನ್ನು ಲೆಕ್ಕಕ್ಕೆ ತಗೊಂಡುಬಿಟ್ಟೆ ಅಂತ. ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಆ ಕಡೆ ಈ ಕಡೆ ಸರಿಸಿದರು. ಬರೀ ಗೊರಗೊರ ಸದ್ದು. ಆಮೇಲೆ ಹೊಲಿಗೆ ಮಿಷನ್ ಓಡಿದ ಹಾಗೆ ಟಕಟಕ ಕೇಳಿಸಿತು. "ನಿದ್ದೆ ಹೊಡೀತಿದೆ ಅಷ್ಟೇ. ದಿನಾ ಊಟ ಆದ್ಮೇಲೆ ಎಡಕ್ಕೆ ಮಲಗಿ ಒದೆತ ಎಣಿಸಮ್ಮ. ಹತ್ತಕ್ಕಿಂತ ಕಮ್ಮಿ ಅನ್ನಿಸಿದ್ರೆ ತಕ್ಷಣ ಬಂದ್ಬಿಡು," ಎಂದರು. ಅಲ್ಲಿಯೇ ಗೋಡೆಗೆ ಕೈಮುಗಿದೆ.

ಮನೆಗೆ ಬಂದವಳೇ ಟೆರೇಸಿಗೆ ಹೋದೆ. ಹಾಳೆಗಳು ಇನ್ನೂ ಹಸಿಯಾಗಿದ್ದವು, ಮೇಲೆ ಪೀಣ್ಯದ ಕಾರ್ಖಾನೆಗಳ ಕಪ್ಪು ಧೂಳು ಕೂತಿತ್ತು. ಹನ್ನೆರಡನ್ನೂ ಎಬ್ಬಿಸಿ ಟಬ್ಬಿಗೆ ಹಾಕಿ ಕಲಸಿಬಿಟ್ಟೆ. ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು.

ಅಲ್ಲಿಂದ ಅದೇ ನಡೆಯಿತು. ಸೊಸೆ ಕೇಳಿದರೆ ಮಾಡುತ್ತಿದ್ದೇನೆ ಎನ್ನಬೇಕು, ಆದರೆ ಮಾಡಿ ಮುಗಿಸಬಾರದು. ಬೆಳಗ್ಗೆ ಪೂಜೆ ಮುಗಿಸಿ ಹಾಳೆ ಎತ್ತುವುದು, ಸಂಜೆ ಒಣಗುವ ಮುಂಚೆ ಮತ್ತೆ ಟಬ್ಬಿಗೆ. ಕಾಗದದ ಹಿಟ್ಟು ಹುಳಿನಾತ ಹೊಡೆಯದಿರಲಿ ಅಂತ ನೀರು ಬದಲಿಸಿ ಚಿಟಿಕೆ ಅರಿಸಿನ ಹಾಕುತ್ತಿದ್ದೆ. ಯಜಮಾನರು, "ಏನೇ ಇದು, ಬೆಳಗ್ಗೆ ದೋಸೆ ಹುಯ್ದು ಸಂಜೆ ವಾಪಸ್ ರುಬ್ಬೋಳನ್ನ ಇವತ್ತೇ ನೋಡಿದ್ದು," ಎಂದರು. ಸುಮ್ಮನಿರ್ರಿ ಎಂದೆ. ಸೊಸೆ ಗಟ್ಟಿಯಾಗಿ ಒದೆತ ಎಣಿಸುವಾಗ ನಾನು ಬಾಗಿಲ ಹಿಂದೆ ನಿಂತು ಬೆರಳು ಮಡಚುತ್ತಿದ್ದೆ. ಹತ್ತಾದರೆ ಆ ದಿನ ಗೆದ್ದೆವು.

ಒಂಬತ್ತು ತಿಂಗಳಿಗೆ ಬಿದ್ದ ಮೇಲೆ ಒಂದು ಸಂಜೆ ಹಾಳೆ ಎಬ್ಬಿಸುತ್ತಿದ್ದೆ. ತಿರುಗಿದರೆ ಸೊಸೆ ಏದುಸಿರು ಬಿಡುತ್ತಾ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿದ್ದ ಹಾಳೆ ಹರಿಯಿತು. ಮಹದೇವಪುರದ ಆಫೀಸಿನಲ್ಲಿ ಹತ್ತು ಜನರಿಗೆ ಕೆಲಸ ಹೇಳುವ ಹುಡುಗಿ, ಮೂಢನಂಬಿಕೆ ಅಂತ ಬೈಯುತ್ತಾಳೆ ಅಂದುಕೊಂಡೆ.

"ನಂಗೆ ಗೊತ್ತು ಅತ್ತೆ," ಎಂದಳು. "ಕಾರ್ಡ್ ಕೇಳಿದ ದಿನಾನೇ ನಂಗೂ ಭಯ ಆಯ್ತು. ಬೇಡ ಅಂತ ಹೇಳೋಕೂ ಭಯ." ಸ್ಟೂಲ್ ಎಳೆದುಕೊಂಡು ಕೂತು, ಟಬ್ಬಿಗೆ ಕೈಹಾಕಿ ನನ್ನ ಜೊತೆ ಕಲಸಿದಳು.

ಶಿವ ಕಣ್ಣುಬಿಟ್ಟ. ಹೆಣ್ಣುಮಗು, ತೂಕ ಸ್ವಲ್ಪ ಕಮ್ಮಿ, ಗಂಟಲು ಮಾತ್ರ ಜೋರು. ತಾಯಿ ಮಗು ಮನೆಗೆ ಬಂದ ದಿನ ಹಾಳೆ ಎತ್ತಿ ಹರವಿದೆ. ಎಷ್ಟೋ ಸಲ ಕಲಸಿದ ಹಿಟ್ಟು, ತಿಳಿ ಹಳದಿ ಬಣ್ಣ, ಅಂಚೆಲ್ಲಾ ಉದುರುತ್ತಿತ್ತು. ಸಂಜೆಗೆ ಒಂದನ್ನು ತಂದು ಸೊಸೆಯ ಕೈಗಿಟ್ಟೆ. ಅವಳು ಬೆರಳಲ್ಲಿ ಒತ್ತಿ ನೋಡಿದಳು. ಗರಿಗರಿಯಾಗಿ ಒಣಗಿತ್ತು. ಪಕ್ಕದಲ್ಲಿ ಮಲಗಿದ್ದ ಮಗುವಿನ ಮೂಗಿನ ಹತ್ತಿರ ಕೈ ಹಿಡಿದು, ಉಸಿರು ತಾಗಿದ ಮೇಲೆ ಹೇಳಿದಳು:

"ನಾಳೆ ಬರೆಯೋಣ ಬಿಡಿ ಅತ್ತೆ."